ಪರಮಾನಂದನ ಒಂದೇ ಓಟ

೧೪ ಸೆಪ್ಟೆಂಬರ್ ೨೦೧೨, ಶುಕ್ರವಾರ. ಸಿಂಗಸಂದ್ರ.

ಪರಮಾನಂದನಿಗೆ ಗಿಟಾರ್ ಎಂದರೆ ವೇಗ, ಅಷ್ಟೇ. ನಮ್ಮ ಆಫೀಸಿನ ಬ್ಯಾಂಡಿನಲ್ಲಿ ಸೋಲೋಗಳೆಲ್ಲ ಅವನವೇ. ಬ್ಲೂಸ್ ಇರಲಿ, ಸಿನಿಮಾ ಹಾಡಿರಲಿ, ಸ್ವರಗಳ ಅದೇ ಓಟ ಓಡಿಸುತ್ತಾನೆ. ಇವತ್ತು ಪ್ರಾಕ್ಟೀಸಿನಲ್ಲಿ ವಚನಕ್ಕೂ ಅದನ್ನೇ ತುರುಕಿದ. ಹಾಡುತ್ತಿದ್ದ ಮಹಾದೇವಿ ಅರ್ಧಕ್ಕೇ ನಿಲ್ಲಿಸಿ ಕುರ್ಚಿಯಲ್ಲಿ ಕೂತುಬಿಟ್ಟಳು.

"ನಿಮ್ದು ಮುಗೀಲಿ ಸಾರ್, ಆಮೇಲೆ ಹಾಡ್ತೀನಿ" ಎಂದಳು.

"ಜನಕ್ಕೆ ಸ್ಪೀಡೇ ಬೇಕು ಕಣ್ರೀ" ಎಂದ ಆ ಮಹಾನುಭಾವ.

ಯಾರನ್ನೂ ಕೇಳದೆ ನಾನೇ ನನ್ನ ಗಿಟಾರಿನಲ್ಲಿ ಅವಳ ಸಾಲನ್ನು ನುಡಿಸಿದೆ. ತಿಂಗಳುಗಟ್ಟಲೆ ಪ್ರತಿ ಸಾಲನ್ನೂ ಮೊದಲು ಬಾಯಲ್ಲಿ ಹಾಡಿಕೊಂಡು, ಆಮೇಲೆ ತಂತಿಯಲ್ಲಿ ಹುಡುಕಿದ್ದೇನೆ. ಕೊನೆಯ ಸ್ವರದಲ್ಲಿ ತಂತಿಯನ್ನು ನಿಧಾನವಾಗಿ ಎಳೆದು, ಅವಳ ದನಿ ಜಾರುವ ಹಾಗೆಯೇ ಜಾರಿಸಿದೆ. ಮಹಾದೇವಿ ಎದ್ದು ಬಂದು ಅಲ್ಲಿಂದಲೇ ಹಾಡು ಎತ್ತಿಕೊಂಡಳು.

"ಈ ಹಾಡಿಗೆ ಶಿವಾನಿನೇ ನುಡಿಸ್ಲಿ" ಎಂದು ನನ್ನ ಕಡೆ ಕೈ ತೋರಿಸಿದಳು.

ಹೊರಡುವಾಗ ಪರಮಾನಂದ ಹತ್ತಿರ ಬಂದ. "ಆ ಕೊನೇ ಸ್ವರ ಹೆಂಗೆ ಎಳೆದ್ರಿ? ಸ್ವಲ್ಪ ತೋರ್ಸಿ."

ಪಾಪ ಅನ್ನಿಸಿ ತೋರಿಸಿದೆ. ನನ್ನ ಸ್ವರ ಇನ್ನೂ ಆರಿರಲಿಲ್ಲ, ಅವನು ಅದನ್ನೇ ಎರಡು ಪಟ್ಟು ವೇಗದಲ್ಲಿ ನುಡಿಸಿ, "ಇಷ್ಟೇನಾ?" ಎಂದ.

ಆ ಕಿವಿಗೆ ಇನ್ನೇನು ಹೇಳುವುದು. ಬೆರಳ ತುದಿಗಳು ಉರಿಯುತ್ತಿವೆ, ಮಲಗುತ್ತೇನೆ.