ಮುಬೀನಾ ಎಲ್ಲಿ ಇರ್ತಾಳ?

೩-೨-೨೦೦೩, ಸೋಮವಾರ. ಕೂಡ್ಲಿಗಿ

ಚಹಾ ಆತು. ಗಾಳೆಮ್ಮ ನನ್ನ ತಲಿ ಬಾಚಿ ಹೋದ್ಲು. ಪಕ್ಕದ ಮನಿಯಾಕಿ, ಅಮ್ಮಿ ಸತ್ತ ಮ್ಯಾಲೆ ನನ್ನ ನೋಡಿಕೊಳ್ಳಾಕಿ. ಎಡಗೈ ಇವತ್ತು ಮಾತು ಕೇಳ್ತೈತಿ. ಬರೀತೀನಿ.

ರಾಯದುರ್ಗದಿಂದ ಸಿರಾಜುದ್ದೀನ ಭಾಯಿ ಬಂದಾನ. ನನ್ನ ಖಾಸಾ ಅಣ್ಣ. ಬಾಳೆಹಣ್ಣು ಬ್ಯಾರೆ ತಂದಾನ! ಹುಟ್ಟಿನಿಂದ ಕೈಕಾಲು ಸೆಟೆದು ಮಾತು ತೊದಲೋ ನನ್ನಂಥೋರಿಗೆ ಹೊಸ ಕಾನೂನು ಬಂದೈತಂತ. ಮೂವತ್ತೊಂದು ವಯಸ್ಸಾದ್ರೂ ಗಾರ್ಡಿಯನ್ ಇಡಬಹುದಂತ. ತಾನ ಆಗ್ತಾನಂತ.

ಮನಿ ಅಮ್ಮಿ ನನ್ನ ಹೆಸರಿಗೆ ಬರೆದಾಳ. ಹೈವೇ ಪಕ್ಕದ ಜಾಗ. ಗಾರ್ಡಿಯನ್ ಆದ್ರ ಮಾರಾಕ ನನ್ನ ಸಹಿ ಬೇಕಿಲ್ಲ ಅಂತ ಯಾರೋ ಅವನ ತಲ್ಯಾಗ ತುಂಬ್ಯಾರ. ತುಂಬಾಕ ಜಾಗ ಬೇಕಾದಷ್ಟು ಐತಿ ಅಲ್ಲಿ.

೬-೨, ಗುರುವಾರ

ಗಾರ್ಡಿಯನ್ ಇಡೋ ಅನಂತಪುರದ ಕಮಿಟಿ ಭಾಯಿ ಅರ್ಜಿ ವಾಪಸ್ ಕೊಟ್ಟೈತಿ. ಆಕಿ ಇರೋದು ಕರ್ನಾಟಕದಾಗ, ಬಳ್ಳಾರಿಗೆ ಹೋಗ್ರಿ ಅಂದಾರ. ತಂಗಿ ಯಾವ ರಾಜ್ಯದಾಗ ಅದಾಳ ಅನ್ನೋದು ಮರೆತಿದ್ನೇನೋ. ಮೂರು ವರ್ಷದಾಗ ಎರಡು ಸಲ ಬಂದೋನು.

೧೯-೨, ಬುಧವಾರ

ಬಳ್ಳಾರಿ. ಕಮಿಟಿ ಸಾಹೇಬರು ನನ್ನ ಬಿಟ್ಟು ಭಾಯಿನ್ನ ಕೇಳಿದ್ರು.

"ಈಕಿ ಒಪ್ಪಿಗಿ ಐತೇನ್ರಿ?"

"ಬ್ಯಾಡ," ಅಂದೆ ನಾನು. ಬಾಯಿಂದ ಏನೇನೋ ಆಗಿ ಬಂತು.

"ಹೂಂ ಅಂತಾಳ್ರಿ," ಅಂದ ಭಾಯಿ.

ಟೇಬಲ್ ಮ್ಯಾಲಿನ ಪೆನ್ನು ಎಳಕೊಂಡೆ. ಕೈ ನಡುಗಿತು ಅಂದ್ಕೊಂಡ್ರು ಎಲ್ಲಾರು. ಬರೆದೆ: ನನಗೆ ಗಾರ್ಡಿಯನ್ ಬೇಡ. ಇವನು ಸುಳ್ಳು ಹೇಳುತ್ತಾನೆ. ನಾನು ಏಳನೇ ಕ್ಲಾಸ್ ಪಾಸ್.

ಹತ್ತು ನಿಮಿಷ ಹಿಡೀತು. ಸಾಹೇಬರು ಎರಡು ಸಲ ಓದಿ ಭಾಯಿ ಕಡೆ ತಿರುಗಿದ್ರು.

"ಈಕಿ ಬರೀತಾಳ ಅನ್ನೋದನ್ನ ಯಾಕ ಮುಚ್ಚಿಟ್ರಿ?"

ಅರ್ಜಿ ವಜಾ. ಬಸ್ಸಿನಾಗ ಭಾಯಿ ನನ್ನ ಪಕ್ಕ ಕುಂಡ್ರಲಿಲ್ಲ. ಪುಣ್ಯ ಬಂತು.

೨೭-೩, ಗುರುವಾರ. ರಾಯದುರ್ಗ

ಗಾಳೆಮ್ಮ ತವರಿಗೆ ಹೋಗಿದ್ದಾಗ ಭಾಯಿ ಕಾರು ತಂದ. ನಾಲ್ಕು ದಿನ ಇದ್ದು ಬರೂಣು ಅಂದ. ತಿಂಗಳಾತು. ಮುಬೀನಾ ಅನ್ನೋ ನನ್ನ ಹೆಸರು ಅವನ ರೇಷನ್ ಕಾರ್ಡಿಗೆ ಸೇರೈತಿ. ಈಗ ನಾನು ಆಂಧ್ರದಾಕಿ! ಅನಂತಪುರದಾಗ ಮತ್ತ ಅರ್ಜಿ ಹಾಕ್ಯಾನ.

ಭಾಬಿಗೆ, ತನ್ನ ಹೆಂಡತಿಗೆ, ಹೇಳತಿದ್ದ: "ಅನಂತಪುರದೋರು ತೆಲುಗು ಮಂದಿ. ಈಕಿ ಕನ್ನಡ ಗೀಚಿದ್ರ ಯಾರು ಓದ್ತಾರ?"

ಪೆದ್ದ. ಉರ್ದು ಬಿಟ್ಟು ಒಂದಕ್ಷರ ಗೊತ್ತಿಲ್ಲ ಅವಗ. ದಿನಾ ತೆಲುಗು ಪೇಪರಿನಾಗ ಬಜ್ಜಿ ಕಟ್ಟಿಸಿ ತರ್ತಾನ, ಒಂದು ದಿನಾನೂ ಅಕ್ಷರದ ಕಡೆ ನೋಡಿಲ್ಲ. ನಾನು ನೋಡೀನಿ. ಹೆಚ್ಚೂಕಮ್ಮಿ ನಮ್ಮ ಕನ್ನಡದ ಅಕ್ಷರಾನ. ತಲೆಕಟ್ಟು ಬ್ಯಾರೆ, ಅಷ್ಟ...

೯-೪, ಬುಧವಾರ. ಸಂಜಿ

ಅನಂತಪುರದ ಕಮಿಟಿಯೊಳಗ ಮೇಡಂ ತೆಲುಗಿನಾಗ ಕೇಳಿದ್ರು. ಭಾಯಿ ಪಟಪಟ ಉತ್ತರ ಕೊಟ್ಟ. ನಾನು ಚೀಟಿ ಚಾಚಿದೆ. ಭಾಯಿ ನಕ್ಕ — ಸುಮ್ನ ಗೀಚ್ತಾಳ್ರಿ ಮೇಡಂ.

ಮೇಡಂ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿದ್ರು. "ನ... ನ್ನ... ಮ... ನೆ... ಕೂ... ಡ್ಲಿ... ಗಿ..."

ಭಾಯಿ ನಗು ನಿಂತಿತು. ಕೊನಿತನಕ ಓದಿಸಿಕೊಳ್ಳಾಕ ಕನ್ನಡ ಬರೋ ಗುಮಾಸ್ತನ್ನ ಕರೆಸಿದ್ರು. ಅರ್ಜಿ ಇಲ್ಲೂ ವಜಾ.

"ತಿಂಗಳು ಕೂಡಿ ಹಾಕಿದ್ರ ಊರು ಬದಲಾಗ್ತೈತೇನ್ರಿ? ನಾಳೆ ಬಿಟ್ಟು ಬರ್ರಿ ಆಕಿನ್ನ," ಅಂದ್ರು ಮೇಡಂ ಭಾಯಿಗೆ.

ಈಗ ಭಾಯಿ ಬಾಗಿಲಾಗ ನಿಂತಾನ.

"ಏನ್ ಬರೀತಿ?"

ಹುಟ್ಟಿದಾಗಿಂದ ಮೊದಲ್ನೇ ಸಲ ಕೇಳ್ಯಾನ. "ಓದಿ ಹೇಳ್ತೀನಿ, ಕುಂಡ್ರು," ಅಂದೆ. ಕುಂತಾನ! ಅಂದ್ರ ನನ್ನ ಮಾತು ಅವಗ ಚಂದಾಗಿ ತಿಳೀತೈತಿ. ಡೈರಿ ಹಿಡಿದು ಓದಾಕ ಪೆನ್ನು ಕೆಳಗಿಡಬೇಕು, ಮಾತು ಕೇಳೋದು ಒಂದ ಕೈ—