ಬೊಮ್ಮಕ್ಕನ ಹೊಟ್ಟೆಯ ನೀರುಗಂಟು

ಜಗಳೂರು, ೧೪ ಮಾರ್ಚ್ ೧೯೮೩, ಸೋಮವಾರ

ಕುರಿ ಕಾಯುವ ಕಾಟಪ್ಪ ಹೇಳಿದ್ದು ಸುಳ್ಳಲ್ಲ. ಅದೇ ನನ್ನನ್ನು ಮಲಗಲು ಬಿಡುತ್ತಿಲ್ಲ.

ಬೆಳಿಗ್ಗೆ ಅವನು ತನ್ನ ಹೆಂಡತಿ ಬೊಮ್ಮಕ್ಕನನ್ನು ಗಾಡಿಯಲ್ಲಿ ತಂದಾಗ ಉಸಿರಿರಲಿಲ್ಲ. ಮುಖ ಬಾತಿತ್ತು, ಮೈತುಂಬ ದದ್ದು.

"ಒಂದೇ ಸಲ ಒದ್ದೆ ಡಾಕ್ಟ್ರೇ, ಜೋರಾಗೂ ಒದ್ದಿಲ್ಲ. ದಿನಾ ಏಟು ತಿಂತಿದ್ಲು, ಯಾವತ್ತೂ ಏನೂ ಆಗಿರಲಿಲ್ಲ."

ಪೋಸ್ಟ್‌ಮಾರ್ಟಂ ಮಾಡಿದೆ. ಲಿವರಿನಲ್ಲಿ ತೆಂಗಿನಕಾಯಿ ಗಾತ್ರದ ನೀರುಗಂಟು ಒಡೆದಿತ್ತು. ಕುರಿನಾಯಿಯ ಮಲದಿಂದ ಮನುಷ್ಯರ ಹೊಟ್ಟೆ ಸೇರುವ ಹುಳು ಅದು. ವರ್ಷಗಟ್ಟಲೆ ಸುತ್ತ ಗೋಡೆ ಕಟ್ಟಿಕೊಂಡು ಕೂತಿತ್ತು, ರಕ್ತದ ಕಾವಲು ಕಣಗಳೂ ಅದನ್ನು ಹೇಗೋ ಸಹಿಸಿಕೊಂಡಿದ್ದವು. ಒದೆತಕ್ಕೆ ಗಂಟು ಒಡೆದು ನೀರು ಒಳಗೆಲ್ಲ ಹರಿದಾಗ ಅವು ಒಟ್ಟಿಗೇ ಕೆರಳಿವೆ. ಹುಳುವಿನ ಮೇಲಿನ ಸಿಟ್ಟಿಗೆ ಅವಳ ಗಂಟಲನ್ನೇ ಮುಚ್ಚಿಬಿಟ್ಟಿವೆ.

ಇದನ್ನೆಲ್ಲ ಅವಳ ಅಣ್ಣ ಓಬಯ್ಯನಿಗೆ ಬಿಡಿಸಿ ಹೇಳಿದೆ. ಒದೆಯದಿದ್ದರೆ ಬದುಕಿರುತ್ತಿದ್ದಳು ಎಂದೂ ಹೇಳಿದೆ. ಅಲ್ಲಿಯವರೆಗೆ ಕಾಟಪ್ಪನ ಕೊರಳಪಟ್ಟಿ ಹಿಡಿದಿದ್ದವನು ಕೈ ಬಿಟ್ಟ.

"ಹಂಗಾರೆ ರೋಗ ಇತ್ತು. ನಮಗೆ ಹೇಳ್ಲೇ ಇಲ್ಲ ನೋಡ್ರಿ ಅವಳು."

ಜೊತೆಗೆ ಬಂದಿದ್ದವರೂ ತಲೆಯಾಡಿಸಿದರು. ಪೊಲೀಸರಿಗೆ ನಾನು ಒದೆತದ ವಿಷಯ ಬರೆದುಕೊಟ್ಟಿದ್ದೇನೆ. ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ.

ಹೆಣವನ್ನು ಗಾಡಿಗೆ ಹಾಕಿದ ಮೇಲೆ ಕಾಟಪ್ಪ ಒಬ್ಬನೇ ಹಿಂದಕ್ಕೆ ಬಂದ. ಅಳುತ್ತಾನೆ ಅಂದುಕೊಂಡೆ.

"ಅವಳ ತಂಗಿ ಒಬ್ಳು ಐದಾಳೆ. ಅವಳೂ ಕುರಿನಾಯಿ ಜೊತೆಗೇ ಬೆಳೆದೋಳು. ಈ ಗಂಟು ಅವಳಿಗೂ ಐತಾ ನೋಡ್ತೀರಾ? ಮನೇಲಿ ರೊಟ್ಟಿ ಮಾಡಾಕೆ ಒಬ್ರು ಬೇಕಲ್ಲ."

ಮುಂದಿನ ವಾರ ಕರೆತರುತ್ತಾನಂತೆ. ಗಂಟು ಇಲ್ಲ ಅಂತ ನಾನು ಹೇಳಿದರೆ ಆ ಹುಡುಗಿಯೂ ಅವನ ಮನೆ ಸೇರುತ್ತಾಳೆ. ಇದೆ ಎಂದು ಸುಳ್ಳು ಹೇಳಿದರೆ, ಅವಳನ್ನು ಬೇರೆ ಯಾರು ತಾನೇ ಮದುವೆಯಾಗುತ್ತಾರೆ?