ಸೊಟ್ಟಮೂತಿಯ ಕೊನೆಯ ಹಿಡಿತ

ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

ಮನೆಯಲ್ಲಿ ಎಲ್ಲರೂ ಕ್ಷೇಮ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೋ. ಸೋಮಾರಿತನ ಬಿಟ್ಟರೆ ಬೇರೆ ಕಾರಣವಿಲ್ಲ. ಇವತ್ತು ಬರೆಯದೆ ವಿಧಿಯಿಲ್ಲ.

ನಿನ್ನೆ ಸೊಟ್ಟಮೂತಿ ಬಂಡೆಗೆ ಹೋಗಿದ್ದೆ. ಹೌದು, ಹನ್ನೆರಡು ವರ್ಷದ ಮೇಲೆ, ಈ ನಲವತ್ತಾರರ ಮಂಡಿ ಹೊತ್ತುಕೊಂಡು. ಏಳು ವರ್ಷ ಅದನ್ನು ಹತ್ತಲು ಹೋಗಿ, ಏಳು ವರ್ಷವೂ ತುದಿಯ ಹತ್ತಿರ ಬೆರಳೂರುವ ಅದೇ ಕೊನೆಯ ಹಿಡಿತದಲ್ಲಿ ಜಾರಿ ಬಿದ್ದವಳು. ಬೆರಳಿನ ನರ ಕಿತ್ತುಹೋದ ಮೇಲೆ ಬಿಟ್ಟವಳು. ಒಂದೇ ಒಂದು ಸಲ ಹತ್ತಿದರೆ ಸಾಕು ಎಂಬ ಆಸೆ ಮಾತ್ರ ಬಿಡಲಿಲ್ಲ.

ಈಗ ಅಲ್ಲಿ ಸಂತೆ. ಬಿದ್ದರೆ ಪೆಟ್ಟಾಗದಿರಲೆಂದು ಕೆಳಗೆ ದಪ್ಪ ಹಾಸಿಗೆ ಹಾಸಿಕೊಂಡು, ಒಂದು ನಿಮಿಷ ಹತ್ತಿ ಒಂದು ಗಂಟೆ ಫೋಟೋ ತೆಗೆಸಿಕೊಳ್ಳುವ ಪುಣ್ಯಾತ್ಮರು. ಅವರ ತರಬೇತುದಾರನಿಗಂತೂ ಹಲ್ಲಿಯೂ ತನ್ನ ಹತ್ತಿರವೇ ಪಾಠ ಕಲಿಯಬೇಕೆಂಬ ಜಂಬ.

"ಆಂಟಿ, ಪಕ್ಕದಲ್ಲಿ ಸುಲಭದ್ದಿದೆ, ಅದನ್ನ ಟ್ರೈ ಮಾಡಿ" ಅಂದ.

"ನಿಂಗೆ ಹಾಲುಹಲ್ಲು ಬೀಳ್ತಿದ್ದಾಗ ನಾನು ಇದರಿಂದ ಬೀಳ್ತಿದ್ದೆ. ಸುಮ್ನೆ ನಿಂತ್ಕೋ" ಅಂದೆ.

ಹತ್ತಿದೆ. ಮೊದಲ ಸಲಕ್ಕೇ! ಬೆರಳ ತುದಿಯೂ ನಿಲ್ಲದಿದ್ದ ಆ ಕೊನೆಯ ಅಂಚಿನಲ್ಲಿ ನಾಲ್ಕು ಬೆರಳು ಸಲೀಸಾಗಿ ಕೂತವು. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಮೇಲಿನಿಂದ ಬಗ್ಗಿ ನೋಡಿದೆ. ಯಾರೋ ಉಳಿ ಹಿಡಿದು ಆ ಅಂಚನ್ನು ಆಳಕ್ಕೆ ಕೆತ್ತಿದ್ದಾರೆ. ಹಳೆಯ ಕೆಲಸ, ಒಳಗೆ ಪಾಚಿ ಕಟ್ಟಿದೆ. ಇಳಿದು ಬಂದು ಕೇಳಿದೆ.

"ಅದು ಮೊದಲಿಂದ್ಲೂ ಹಾಗೇ ಇದೆ ಆಂಟಿ, ಎಲ್ಲಾರೂ ಅದನ್ನೇ ಹಿಡ್ಕೊಂಡು ಹತ್ತೋದು" ಎಂದ ಆ ಮಹಾಶಯ.

ಬಂಡೆ ಹತ್ತುವವರಲ್ಲಿ ಹೀಗೆ ಹಿಡಿತ ಕೆತ್ತುವುದಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನೇ ಅಗೆದಿದ್ದಾರೆ. ಆ ಚಪ್ಪಾಳೆ ಕೇಳಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಗಳಿಗೊಂದು ಮುತ್ತು. ನೂರು ಕಾಲ ಚೆನ್ನಾಗಿ ಬಾಳಿ.

ನಿನ್ನ ಅಕ್ಕ

ತಾ.ಕ.: ಆ ಉಳಿಯ ಗೀರುಗಳೆಲ್ಲ ಬಲಕ್ಕೆ ವಾಲಿವೆ, ಎಡಗೈಯವನ ಪೆಟ್ಟು. ನಮ್ಮೂರ ಕಲ್ಲುಕುಟಿಗರಲ್ಲಿ ಎಡಗೈಯಲ್ಲಿ ಸುತ್ತಿಗೆ ಹಿಡಿಯುವವನು ನೀನೊಬ್ಬನೇ. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, "ಮುಂದಿನ ಸಲ ನೀನು ಹತ್ತೇ ಹತ್ತುತ್ತೀಯ ಅಕ್ಕ, ಬೇಕಾದ್ರೆ ಬರೆದು ಕೊಡ್ತೀನಿ" ಅಂದಿದ್ದೆಯಲ್ಲ? ನನ್ನ ಕೈಲಾಗದು ಎಂದು ಯಾರು ಹೇಳಿದರೂ, ನನ್ನ ತಮ್ಮನೊಬ್ಬ ನಂಬಿದ್ದಾನೆ ಎಂದು ನಕ್ಕು ಸುಮ್ಮನಾಗುತ್ತಿದ್ದೆ ಕಣೋ. ನೀನೂ ನಂಬಿರಲಿಲ್ಲ.